ಆರೋಗ್ಯ ತಂತ್ರಜ್ಞಾನ ಯೋಜನೆಗಳ ಪೂರ್ವಸಿದ್ಧತೆ

ರೋಗಿಗಳ ಗಣಕೀಕೃತ ದಾಖಲೆ, ಟೆಲಿಮೆಡಿಸಿನ್, ಲಸಿಕೆ ನೋಂದಣಿ, ಎಕ್ಸ್‌ರೇ ಚಿತ್ರಗಳ ಡಿಜಿಟಲ್ ಸಂಗ್ರಹ ಮುಂತಾದ ವ್ಯವಸ್ಥೆಯನ್ನು ಆಸ್ಪತ್ರೆಯೋ ಆರೋಗ್ಯ ಇಲಾಖೆಯೋ ಜಾರಿಗೆ ತರುವ ಮುನ್ನ ನಡೆಸಬೇಕಾದ ಅಧ್ಯಯನ, ಸಮಾಲೋಚನೆ, ತರಬೇತಿ ಮತ್ತು ಮೂಲಸೌಕರ್ಯದ ಕೆಲಸಗಳನ್ನು ಒಟ್ಟಾಗಿ ಪೂರ್ವಸಿದ್ಧತೆ ಎನ್ನುತ್ತಾರೆ. ಬಜೆಟ್, ವಿದ್ಯುತ್, ಇಂಟರ್ನೆಟ್, ಕಂಪ್ಯೂಟರ್, ಸಿಬ್ಬಂದಿ ಎಂದು ಪಟ್ಟಿ ಮಾಡಿ, ಒಂದೊಂದರ ಮುಂದೆ ಗುರುತು ಹಾಕಿ ಮುಗಿಸುವುದು ವಾಡಿಕೆ. ಇವೆಲ್ಲ ಬೇಕಾದವೇ, ಹಣವಿದ್ದರೆ ಕೊಳ್ಳಲೂ ಬಹುದು. ಯಾರ ದಿನನಿತ್ಯದ ಕೆಲಸ ಹೇಗೆ ಬದಲಾಗುತ್ತದೆ, ಆ ಬದಲಾವಣೆಯ ಹೊರೆ ಯಾರ ಮೇಲೆ ಬೀಳುತ್ತದೆ, ಲಾಭ ಯಾರಿಗೆ ಸಿಗುತ್ತದೆ ಎಂಬ ತಿಳಿವಳಿಕೆಯನ್ನು ಮಾತ್ರ ಟೆಂಡರ್ ಕರೆದು ತರಿಸಿಕೊಳ್ಳಲಾಗದು. ದೊಡ್ಡ ಯೋಜನೆಗಳು ಬಹುಮಟ್ಟಿಗೆ ಎಡವಿರುವುದು ಇಲ್ಲೇ.

ಇದಕ್ಕೆ ಹೆಚ್ಚು ದಾಖಲಾದ ನಿದರ್ಶನ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ರಾಷ್ಟ್ರೀಯ ಐಟಿ ಕಾರ್ಯಕ್ರಮ. 2002ರ ಫೆಬ್ರುವರಿಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರ ಡೌನಿಂಗ್ ಸ್ಟ್ರೀಟ್ ನಿವಾಸದಲ್ಲಿ ನಡೆದ ಸಭೆಯಿಂದ ಇದಕ್ಕೆ ಚಾಲನೆ ಸಿಕ್ಕಿತು. ಅದೇ ವರ್ಷ ನೇಮಕಗೊಂಡ ಮಹಾನಿರ್ದೇಶಕ ರಿಚರ್ಡ್ ಗ್ರೇಂಜರ್ ಖರೀದಿ ಪ್ರಕ್ರಿಯೆಯನ್ನು ಅಸಾಧಾರಣ ವೇಗದಲ್ಲಿ ಮುಗಿಸಿದರು. 2003ರ ಕೊನೆ ಮತ್ತು 2004ರ ಆರಂಭದ ಹೊತ್ತಿಗೆ ಸುಮಾರು 620 ಕೋಟಿ ಪೌಂಡ್ ಮೊತ್ತದ ಗುತ್ತಿಗೆಗಳಿಗೆ ಸಹಿ ಬಿದ್ದಿತ್ತು. ದೇಶವನ್ನು ಐದು ವಲಯಗಳಾಗಿ ಹಂಚಿ ಬಿಟಿ, ಅಕ್ಸೆಂಚರ್, ಸಿಎಸ್‌ಸಿ, ಫುಜಿತ್ಸು ಕಂಪನಿಗಳಿಗೆ ವಹಿಸಲಾಯಿತು. ಹತ್ತು ವರ್ಷಗಳ ಒಟ್ಟು ವೆಚ್ಚ 1,240 ಕೋಟಿ ಪೌಂಡ್ ಆಗಬಹುದೆಂದು ಲೆಕ್ಕಪರಿಶೋಧಕರು 2006ರಲ್ಲಿ ಅಂದಾಜಿಸಿದರು. ಆ ವರ್ಷವೇ 23 ಮಂದಿ ಕಂಪ್ಯೂಟರ್ ವಿಜ್ಞಾನ ಪ್ರಾಧ್ಯಾಪಕರು ಸಂಸತ್ತಿನ ಆರೋಗ್ಯ ಸಮಿತಿಗೆ ಬಹಿರಂಗ ಪತ್ರ ಬರೆದು, ಯೋಜನೆಯ ತಾಂತ್ರಿಕ ವಿನ್ಯಾಸದ ಸ್ವತಂತ್ರ ಪರಿಶೀಲನೆ ಆಗಬೇಕೆಂದು ಕೇಳಿದ್ದರು. 2011ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕಾರ್ಯಕ್ರಮವನ್ನು ಬಿಚ್ಚಿಹಾಕುವುದಾಗಿ ಘೋಷಿಸಿತು. ವೆಚ್ಚ 980 ಕೋಟಿ ಪೌಂಡ್ ಮುಟ್ಟಲಿದೆ ಎಂಬ ಲೆಕ್ಕವನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ 2013ರಲ್ಲಿ ಮುಂದಿಟ್ಟಿತು.

ತಪ್ಪನ್ನು ಸಾಫ್ಟ್‌ವೇರ್ ಮೇಲೆ ಹೊರಿಸುವುದು ಸುಲಭ. ಗುತ್ತಿಗೆಗೆ ಸಹಿ ಹಾಕುವಾಗ ಲೊರೆಂಜೊ ಎಂಬ ಮುಖ್ಯ ತಂತ್ರಾಂಶ ಇನ್ನೂ ತಯಾರಿಯ ಹಂತದಲ್ಲೇ ಇತ್ತು; ದೊಡ್ಡ ಆಸ್ಪತ್ರೆ ಸಮೂಹವೊಂದು ಅದನ್ನು ಬಳಕೆಗೆ ತಂದದ್ದು 2010ರಲ್ಲಿ, ಮೋರ್‌ಕಂಬ್ ಬೇಯಲ್ಲಿ. ಆದರೆ ತಯಾರಾಗದ ಸರಕನ್ನು ಒಪ್ಪಿಕೊಂಡದ್ದು ಖರೀದಿದಾರರ ತೀರ್ಮಾನ, ಸಾಫ್ಟ್‌ವೇರಿನದಲ್ಲ. ಆಸ್ಪತ್ರೆಯ ಕೆಲಸ ಎಲ್ಲೆಡೆ ಒಂದೇ ತೆರನಾಗಿರುತ್ತದೆ ಎಂಬ ಊಹೆಯ ಮೇಲೆ ಆ ತೀರ್ಮಾನ ನಿಂತಿತ್ತು. ಊಹೆ ಎಷ್ಟು ದುರ್ಬಲವಾಗಿತ್ತೆಂಬುದಕ್ಕೆ ಒಂದು ತುರ್ತು ಚಿಕಿತ್ಸಾ ವಿಭಾಗದ ಪ್ರಸಂಗ ಸಾಕು. ರೋಗಿಯ ಗೋಪ್ಯತೆ ಕಾಪಾಡಲು ಪ್ರತಿ ಸಿಬ್ಬಂದಿಗೂ ಸ್ವಂತ ಸ್ಮಾರ್ಟ್‌ಕಾರ್ಡ್ ಕೊಡಲಾಗಿತ್ತು. ಕಾರ್ಡ್ ತೂರಿಸಿ ಲಾಗಿನ್ ಆಗಲು ಒಂದು ನಿಮಿಷದಷ್ಟು ಹೊತ್ತು ಹಿಡಿಯುತ್ತಿತ್ತು. ಕಚೇರಿಯಲ್ಲಿ ಕುಳಿತವರಿಗೆ ಅದು ಲೆಕ್ಕಕ್ಕಿಲ್ಲದ ಹೊತ್ತು. ಒಬ್ಬರ ಹಿಂದೊಬ್ಬರಂತೆ ರೋಗಿಗಳು ಬರುವ ಕಡೆ, ಒಂದೇ ಕಂಪ್ಯೂಟರಿಗೆ ಸರದಿಯಲ್ಲಿ ಬರುವ ವೈದ್ಯರು ಮತ್ತು ದಾದಿಯರಿಗೆ ಅದು ಸಾಧ್ಯವೇ ಇಲ್ಲದ ಮಾತು. ಕೊನೆಗೆ ಪಾಳಿಯ ಆರಂಭದಲ್ಲಿ ಒಬ್ಬರ ಕಾರ್ಡ್ ತೂರಿಸಿಟ್ಟು, ಎಲ್ಲರೂ ಅದರಲ್ಲೇ ಕೆಲಸ ಮಾಡಲು ಆಸ್ಪತ್ರೆಯ ಆಡಳಿತವೇ ಒಪ್ಪಿಗೆ ಕೊಟ್ಟಿತು. ಯಾರು ಯಾವ ದಾಖಲೆ ನೋಡಿದರೆಂದು ತಿಳಿಯಲು ಕಟ್ಟಿದ ಇಡೀ ಏರ್ಪಾಟು ಅಲ್ಲಿಗೆ ವ್ಯರ್ಥವಾಯಿತು. ಗುತ್ತಿಗೆಗೆ ಮೊದಲು ಯಾರಾದರೂ ಒಂದು ಪಾಳಿಯ ಹೊತ್ತು ಆ ವಿಭಾಗದ ಮೂಲೆಯಲ್ಲಿ ನಿಂತು ನೋಡಿದ್ದರೆ ಈ ತೊಡಕು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಅದೇ ಕಾರ್ಯಕ್ರಮದ ಒಂದು ಭಾಗ ಚೆನ್ನಾಗಿಯೇ ಗೆದ್ದಿತೆಂಬುದನ್ನು ಟೀಕಾಕಾರರು ಹೆಚ್ಚಾಗಿ ಹೇಳುವುದಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಫಿಲ್ಮ್ ಬದಲು ಕಂಪ್ಯೂಟರಿನಲ್ಲೇ ಇಟ್ಟು ನೋಡುವ ಪ್ಯಾಕ್ಸ್ ವ್ಯವಸ್ಥೆ 2007ರ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಆಸ್ಪತ್ರೆಗಳನ್ನೆಲ್ಲ ತಲುಪಿತ್ತು. ಸರ್ಕಾರ ಅದೇ, ಗುತ್ತಿಗೆಯ ರೀತಿಯೂ ಅದೇ. ಫಲಿತಾಂಶ ಮಾತ್ರ ಬೇರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರೇಡಿಯಾಲಜಿಯಲ್ಲಿ ಡೈಕಾಮ್ ಎಂಬ ಸಾಮಾನ್ಯ ಮಾನದಂಡ ಮೊದಲೇ ನೆಲೆಯೂರಿತ್ತು, ಯಾವ ಕಂಪನಿಯ ಯಂತ್ರದ ಚಿತ್ರವಾದರೂ ಇನ್ನೊಂದರಲ್ಲಿ ತೆರೆಯುತ್ತಿತ್ತು. ಚಿತ್ರ ತೆಗೆ, ಓದು, ವರದಿ ಕೊಡು ಎಂಬ ಕೆಲಸದ ಸರಣಿ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಪದ್ಧತಿ ಕಲಿಯುವ ಕಷ್ಟ ಪಟ್ಟವರಿಗೇ ಅದರ ಲಾಭ ಸಿಕ್ಕಿತು: ಕಳೆದುಹೋದ ಫಿಲ್ಮ್ ಹುಡುಕುವ ಕಾಟ ತಪ್ಪಿತು. ವಾರ್ಡಿನ ದಾಖಲೆಯ ವಿಷಯದಲ್ಲಿ ಹಾಗಾಗಲಿಲ್ಲ. ಮಾಹಿತಿ ತುಂಬುವವರು ದಾದಿಯರು, ಬಳಸುವವರು ಮೇಲಿನವರು. ರೇಡಿಯಾಲಜಿಯ ಸಿದ್ಧತೆ ವರ್ಷಾನುಗಟ್ಟಲೆ ವೃತ್ತಿಯ ಒಳಗೇ ಬೆಳೆದು ಬಂದಿತ್ತು. ಕಾರ್ಯಕ್ರಮ ಅದನ್ನು ಎರವಲು ಪಡೆಯಿತು, ಅಷ್ಟೆ.

ಅಪಾಯವನ್ನೆಲ್ಲ ಗುತ್ತಿಗೆದಾರನ ಹೆಗಲಿಗೆ ದಾಟಿಸಿಬಿಟ್ಟರೆ ಪೂರ್ವಸಿದ್ಧತೆಯ ಖರ್ಚು ಯಾಕೆ ಎಂಬ ವಾದವೊಂದಿದೆ. ಎನ್‌ಎಚ್‌ಎಸ್ ಗುತ್ತಿಗೆಗಳು ಇದೇ ತರ್ಕದ ಮೇಲೆ ರೂಪುಗೊಂಡಿದ್ದವು: ವ್ಯವಸ್ಥೆ ಅಳವಡಿಸಿ ಕೆಲಸ ಮಾಡಿ ತೋರಿಸಿದರೆ ಹಣ, ಇಲ್ಲದಿದ್ದರೆ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಷರತ್ತು ಬೇಕಿಲ್ಲ. ಆದರೆ ಅಕ್ಸೆಂಚರ್ 2006ರಲ್ಲಿ ಈ ಕೆಲಸದ ನಷ್ಟಕ್ಕೆಂದು 45 ಕೋಟಿ ಡಾಲರ್ ತೆಗೆದಿರಿಸಿ, ಅದೇ ವರ್ಷ ತನ್ನ ವಲಯಗಳನ್ನು ಬಿಟ್ಟುಕೊಡುವುದಾಗಿ ಹೇಳಿತು. 2008ರಲ್ಲಿ ಫುಜಿತ್ಸುವಿನ ಗುತ್ತಿಗೆ ರದ್ದಾಯಿತು. ಕಂಪನಿಗೆ ಹೊರಹೋಗುವ ದಾರಿ ಇರುತ್ತದೆ, ಆಸ್ಪತ್ರೆಗೆ ಇರುವುದಿಲ್ಲ. ಹಣದ ಅಪಾಯವನ್ನು ದಾಟಿಸಬಹುದು; ಮರುದಿನ ಬೆಳಗ್ಗೆ ಓಪಿಡಿ ತೆರೆಯಲೇಬೇಕಾದ ಜವಾಬ್ದಾರಿ ಇದ್ದಲ್ಲೇ ಉಳಿಯುತ್ತದೆ.

ಸಿದ್ಧತೆ ಎನ್ನುತ್ತಾ ಕುಳಿತರೆ ಕಾಲ ಕೈಮೀರುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಅದಕ್ಕೆ ಭಾರತದ ಕೋವಿನ್ ವೇದಿಕೆಯನ್ನು ಸಾಕ್ಷಿಯಾಗಿ ತೋರಿಸುತ್ತಾರೆ: 2021ರ ಜನವರಿ 16ರಂದು ಕೋವಿಡ್ ಲಸಿಕೆ ಅಭಿಯಾನದ ಜೊತೆಗೇ ಅದು ಕಣಕ್ಕಿಳಿಯಿತು. ವೇಗ ನಿಜ, ಆದರೆ ಅದು ಬರಿಗೈಯಲ್ಲಿ ಬಂದದ್ದಲ್ಲ. ಲಸಿಕೆ ದಾಸ್ತಾನಿನ ಮೇಲೆ ಕಣ್ಣಿಡುವ ಇ-ವಿನ್ ವ್ಯವಸ್ಥೆ 2015ರಿಂದಲೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ ಹಬ್ಬುತ್ತಿತ್ತು. ಆರೋಗ್ಯ ಕೇಂದ್ರಗಳ ಶೀತಲ ಸರಪಳಿ ನಿರ್ವಾಹಕರು ಸ್ಟಾಕ್ ರಿಜಿಸ್ಟರನ್ನು ಸರಿಪಡಿಸಿಕೊಂಡು, ಅದರ ಲೆಕ್ಕವನ್ನು ಮೊಬೈಲಿಗೆ ಏರಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಮಿತಿ ದಾಟಿದರೆ ಎಚ್ಚರಿಸುವ ಸಾಧನಗಳೂ ಬಂದಿದ್ದವು. ಕೋವಿನ್ ಇದರ ಮೇಲೆ ನಿಂತಿತು. ಹಾಗಾಗಿ ಅದು ಮುಗ್ಗರಿಸಿದ್ದು ಎಲ್ಲಿ ಎಂದು ನೋಡುವುದು ಹೆಚ್ಚು ಉಪಯುಕ್ತ. ಮೊದಲ ದಿನಗಳ ತಾಂತ್ರಿಕ ತೊಂದರೆಯಿಂದ ಮಹಾರಾಷ್ಟ್ರ ಅಭಿಯಾನವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆದರೂ ಅದು ಬೇಗ ಸರಿಹೋಯಿತು. 18ರಿಂದ 44 ವಯಸ್ಸಿನವರು ಆನ್‌ಲೈನಿನಲ್ಲೇ ಹೆಸರು ನೋಂದಾಯಿಸಿ ಸಮಯ ಕಾಯ್ದಿರಿಸಬೇಕೆಂಬ ನಿಯಮ ಬಂದಾಗ ಎದುರಾದ ತೊಂದರೆ ಬೇರೆ ಜಾತಿಯದು. ಸ್ಮಾರ್ಟ್‌ಫೋನ್ ಇದ್ದವರು, ಅದರಲ್ಲೂ ಬೆರಳು ಚುರುಕಿದ್ದವರು, ಸ್ಲಾಟ್ ಗಿಟ್ಟಿಸಿಕೊಂಡರು. ನಗರದವರು ಸುತ್ತಲ ಹಳ್ಳಿಗಳ ಕೇಂದ್ರಗಳಿಗೆ ಕಾರು ಓಡಿಸಿದರು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಡಲಾಯಿತು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದರದ ಬಗ್ಗೆ ಕೇಂದ್ರವನ್ನು ಪ್ರಶ್ನಿಸಿತು. ಉಗ್ರಾಣದ ಸಿದ್ಧತೆಗೆ ವರ್ಷಗಳು ಸಂದಿದ್ದವು, ಜನರ ಕಡೆಯ ಸಿದ್ಧತೆಯನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ.

ಎಷ್ಟು ಯೋಜಿಸಿದರೂ ಎಡವಟ್ಟಾಗುತ್ತದೆ ಎಂಬುದಕ್ಕೆ ಕೇಂಬ್ರಿಜ್‌ನ ಅಡನ್‌ಬ್ರೂಕ್ಸ್ ಆಸ್ಪತ್ರೆಯನ್ನು ಹೆಸರಿಸಬಹುದು. 2014ರ ಅಕ್ಟೋಬರ್‌ನಲ್ಲಿ ಅದು ಎಪಿಕ್ ಎಂಬ ಗಣಕೀಕೃತ ರೋಗಿ ದಾಖಲೆ ವ್ಯವಸ್ಥೆಗೆ ಒಂದೇ ಏಟಿಗೆ ಬದಲಾಯಿತು. ಆರಂಭದ ವಾರಗಳಲ್ಲಿ ಗಂಭೀರ ತೊಂದರೆಗಳಾದವು. ಮರುವರ್ಷ ತಪಾಸಣಾ ಸಂಸ್ಥೆ ಹಲವು ಕಾರಣಗಳಿಗೆ ಆಸ್ಪತ್ರೆಯನ್ನು ವಿಶೇಷ ನಿಗಾಕ್ಕೆ ಒಳಪಡಿಸಿತು, 2017ರಲ್ಲಿ ಅದು ಹೊರಬಂತು, ಎಪಿಕ್ ಉಳಿಯಿತು. ಯೋಜನೆ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬದಲಾವಣೆಯ ಮೊದಲ ತಿಂಗಳುಗಳಲ್ಲಿ ಕೆಲಸ ನಿಧಾನವಾಗುವುದು ಖಚಿತ. ಹೆಚ್ಚುವರಿ ಸಿಬ್ಬಂದಿ, ಕಡಿಮೆ ಅಪಾಯಿಂಟ್‌ಮೆಂಟು, ಕಾಗದಕ್ಕೆ ಮರಳುವ ದಾರಿ ಇವನ್ನು ಮೊದಲೇ ವೆಚ್ಚದಲ್ಲಿ ಸೇರಿಸಬೇಕೆಂದಷ್ಟೇ ತಿಳಿಯುತ್ತದೆ. ಅಮೆರಿಕದ ವೈದ್ಯ ರಾಬರ್ಟ್ ವಾಕ್ಟರ್ ನೇತೃತ್ವದ ಸಮಿತಿ 2016ರಲ್ಲಿ ಎನ್‌ಎಚ್‌ಎಸ್‌ಗೆ ಕೊಟ್ಟ ವರದಿ ಇದೇ ದಿಕ್ಕಿನದು. 2020ರೊಳಗೆ ಕಾಗದರಹಿತ ಆಸ್ಪತ್ರೆಗಳೆಂಬ ಗುರಿ ವಾಸ್ತವವಲ್ಲವೆಂದು ಹೇಳಿ, ಗಡುವನ್ನು 2023ಕ್ಕೆ ಮುಂದೂಡಿ, ಹಂತಹಂತವಾಗಿ ಹಣ ಕೊಡಬೇಕೆಂದು ಅದು ಸೂಚಿಸಿತು.

ಹಂತಹಂತವಾಗಿ ಎಂದೊಡನೆ ಮತ್ತೊಂದು ತಕರಾರು ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ: ಸಿದ್ಧವಾಗಿರುವ ದೊಡ್ಡ ಆಸ್ಪತ್ರೆಗೆ ಮೊದಲು ಹಣ ಹೋದರೆ, ಹಿಂದುಳಿದ ಆಸ್ಪತ್ರೆ ಎಂದೆಂದಿಗೂ ಹಿಂದೆಯೇ. ಸಿದ್ಧತೆಯನ್ನು ಅಳೆದು ಅಂಕ ಕೊಡುವ ಪರೀಕ್ಷೆ ಮಾಡಿಕೊಂಡರೆ ಆಗುವುದು ಅದೇ. ಅಳತೆಯ ಜೊತೆಗೇ ಕೊರತೆ ತುಂಬುವ ಹಣವೂ ಬರಬೇಕು, ಸಾಫ್ಟ್‌ವೇರಿನ ಹಣಕ್ಕಿಂತ ಮೊದಲೇ ಬರಬೇಕು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎದುರಿಗಿರುವ ಪ್ರಶ್ನೆಯೂ ಇದೇ. ರೋಗಿ ದಾಖಲೆಯ ಮಾನದಂಡಗಳನ್ನು ಕೇಂದ್ರ ಸರ್ಕಾರ 2013ರಲ್ಲೇ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತ್ತು, ಆದ್ದರಿಂದ ಕಾಗದದ ಮೇಲಿನ ಸಿದ್ಧತೆಗೆ ಕೊರತೆಯಿಲ್ಲ. ಈ ಮಿಷನ್ನಿನ ಅಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಓಪಿಡಿ ಚೀಟಿ ಪಡೆಯುವ ಸೌಲಭ್ಯ ಬೇಗ ಹರಡಿದ್ದಕ್ಕೆ, ಸರದಿಯಲ್ಲಿ ನಿಂತ ರೋಗಿಗೂ ಕೌಂಟರಿನ ಗುಮಾಸ್ತನಿಗೂ ಅಲ್ಲೇ ಆಗ ಲಾಭವಾಗುವುದೇ ಕಾರಣ. ಕೇಸ್ ಶೀಟನ್ನು ಕೈಯಲ್ಲೂ ಬರೆದು, ಮತ್ತೆ ಕಂಪ್ಯೂಟರಿಗೂ ತುಂಬಬೇಕಾದ ಸಣ್ಣ ನರ್ಸಿಂಗ್ ಹೋಮಿನ ದಾದಿಗೆ ಅಂಥ ಲಾಭ ಇನ್ನೂ ಕಾಣುವಂತಿಲ್ಲ.