ಮೂಳೆಗೆ ಭಾರ ಗೊತ್ತಾಗೋದು ಹೇಗೆ?

ಇವತ್ತಿನ ಕತೆ ಶುರುವಾಗೋದು 1866ರ ಜ್ಯೂರಿಕ್‌ನಲ್ಲಿ. ಅಂಗರಚನಾಶಾಸ್ತ್ರದ ಪ್ರೊಫೆಸರ್ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯನ್ನು ಉದ್ದಕ್ಕೆ ಸೀಳಿ, ಅದರ ತಲೆಭಾಗದ ಒಳಗಿರೋ ಸಣ್ಣ ಜಾಲರಿಯನ್ನು ತೋರಿಸಿದರು. ಅದನ್ನು ನೋಡಿದವರಲ್ಲಿ ಕಾರ್ಲ್ ಕುಲ್ಮನ್ ಕೂಡ ಒಬ್ಬರು. ಅವರು ಡಾಕ್ಟರ್ ಅಲ್ಲ, ಸೇತುವೆ, ಕ್ರೇನ್‌ಗಳ ಲೆಕ್ಕ ಹಾಕೋ ಎಂಜಿನಿಯರ್. ಕ್ರೇನ್‌ಗೆ ಭಾರ ನೇತುಹಾಕಿದಾಗ ಒತ್ತಡ, ಸೆಳೆತ ಯಾವ ದಾರಿಯಲ್ಲಿ ಹರಿಯುತ್ತೋ, ಜಾಲರಿಯ ಎಳೆಗಳೂ ಹೆಚ್ಚುಕಮ್ಮಿ ಅದೇ ದಾರಿಯಲ್ಲಿದ್ದವು!

ಬರ್ಲಿನ್‌ನ ಸರ್ಜನ್ ಯೂಲಿಯಸ್ ವೋಲ್ಫ್ ಇದನ್ನೇ ಬೆಳೆಸಿ 1892ರಲ್ಲಿ ಪುಸ್ತಕ ಬರೆದರು. ಭಾರ ಬದಲಾದರೆ ಮೂಳೆಯ ಒಳರಚನೆಯೂ ಬದಲಾಗುತ್ತೆ ಅನ್ನೋದು ಅವರ ವಾದ. ಇವತ್ತಿಗೂ ಅದು 'ವೋಲ್ಫ್ ನಿಯಮ'. ನನ್ನ ಕೇಳಿದರೆ ವಿಲ್ಹೆಲ್ಮ್ ರೂ ಅವರಿಗೂ ಅರ್ಧ ಕ್ರೆಡಿಟ್ ಸಲ್ಲಬೇಕು. ಬಳಕೆಗೆ ತಕ್ಕಂತೆ ಅಂಗಗಳು ತಮ್ಮನ್ನು ತಾವೇ ಹೊಂದಿಸಿಕೊಳ್ಳುತ್ತವೆ ಅಂತ ಅವರು 1881ರಲ್ಲೇ ಬರೆದಿದ್ದರು.

ಸರಿ, ಆದರೆ ಭಾರ ಬಿತ್ತು ಅಂತ ತಿಳಿಯೋದು ಯಾರಿಗೆ? 1957ರಲ್ಲಿ ಜಪಾನಿನ ಫುಕಾದಾ, ಯಾಸುದಾ ಒಣ ಮೂಳೆಯನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತೆ ಅಂತ ತೋರಿಸಿದರು. ಉತ್ತರ ಸಿಕ್ಕೇಬಿಟ್ಟಿತು ಅಂತ ಅನ್ನಿಸಿರಬೇಕು. ಆದರೆ ಬದುಕಿರೋ ಮೂಳೆ ಒಣಗಿರಲ್ಲ, ನೋಡಿ. ಅದರ ತುಂಬ ದ್ರವ ಇರುತ್ತೆ.

ಆಸ್ಟಿಯೋಸೈಟ್ ಅನ್ನೋ ಕೋಶಗಳು ಮೊದಲು ಮೂಳೆ ಕಟ್ಟುತ್ತಿದ್ದು, ಆಮೇಲೆ ತಾವೇ ಕಟ್ಟಿದ ಗೋಡೆಯೊಳಗೆ ಹೂತುಹೋದಂಥವು. ಬಹಳ ಕಾಲ ಇವನ್ನು ರಿಟೈರ್ ಆದ ನೌಕರರ ಥರ ನೋಡಿದರು. ಆದರೆ ಮೂಳೆಕೋಶಗಳಲ್ಲಿ ಶೇ. 90ಕ್ಕೂ ಹೆಚ್ಚು ಇವೇ! ಸಣ್ಣ ಸಣ್ಣ ನಾಳಗಳಲ್ಲಿ ಕೈಚಾಚಿಕೊಂಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀವು ಹೆಜ್ಜೆ ಇಟ್ಟಾಗ ಮೂಳೆ ಬಗ್ಗೋದು ತೀರಾ ಕಡಿಮೆ. ಆದರೂ ನಾಳದ ದ್ರವ ಆ ಕಡೆ ಈ ಕಡೆ ಹರಿದು ಆ ಕೈಗಳನ್ನು ಉಜ್ಜುತ್ತೆ. ಈ ಲೆಕ್ಕವನ್ನು ವೈನ್‌ಬಾಮ್, ಕೋವಿನ್, ಜೆಂಗ್ 1994ರಲ್ಲಿ ಮುಂದಿಟ್ಟರು.

ಇನ್ನೊಂದು ಸುಳಿವು ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಕೆಲವು ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ಬೆಳೆಯೋದು ನಿಲ್ಲೋದೇ ಇಲ್ಲ. ತಲೆಬುರುಡೆ ದಪ್ಪವಾಗಿ ನರಗಳನ್ನು ಒತ್ತುತ್ತೆ, ಕಿವಿ ಕೇಳಿಸದೇ ಹೋಗುತ್ತೆ. ಗಟ್ಟಿ ಮೂಳೆ ಅಂದರೆ ವರವೇ ಅಂದುಕೊಳ್ಳೋರು ಇವರ ಕಷ್ಟ ಒಮ್ಮೆ ಓದಬೇಕು. 2001ರಲ್ಲಿ ಕಾರಣವಾದ ಜೀನ್ ಸಿಕ್ಕಿತು. ಅದು ಮಾಡೋ ಪ್ರೋಟೀನ್ ಸ್ಕ್ಲೆರೋಸ್ಟಿನ್. ಆಸ್ಟಿಯೋಸೈಟ್‌ಗಳು ಬಿಡೋ ಬ್ರೇಕ್ ಅದು. ಮೂಳೆ ಮೇಲೆ ಭಾರ ಬಿದ್ದಾಗ ಆ ಬ್ರೇಕ್ ಸಡಿಲವಾಗುತ್ತೆ ಅಂತ 2008ರಲ್ಲಿ ಇಲಿಗಳಲ್ಲಿ ಕಂಡರು.

ಆ ಬ್ರೇಕನ್ನೇ ತಡೆಯೋ ರೊಮೊಸೊಜುಮ್ಯಾಬ್ ಇಂಜೆಕ್ಷನ್‌ಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು ಡೋಸ್, ಒಟ್ಟು 12 ತಿಂಗಳು ಮಾತ್ರ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಇರಬಹುದು ಅನ್ನೋ ಎಚ್ಚರಿಕೆ ಅದರ ಮಾಹಿತಿ ಪತ್ರದ ಮೇಲ್ಗಡೆಯೇ ಇದೆ.