ಸಿಎಸ್‌ಆರ್ ವೆಚ್ಚ ಮತ್ತು ಷೇರು ಮೌಲ್ಯ

ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆಂದು ಕಂಪನಿ ಕೊಡುವ ಹಣ ಷೇರುದಾರರ ಪಾಲಿನದೇ. ಹಾಗಿದ್ದಮೇಲೆ ಸಾಮಾಜಿಕ ಹೊಣೆಗಾರಿಕೆಯ ಈ ಖರ್ಚಿನಿಂದ (ಸಿಎಸ್‌ಆರ್) ಷೇರಿನ ಬೆಲೆ ಏರುತ್ತದೆಯೋ ಇಳಿಯುತ್ತದೆಯೋ? ಕಾನೂನು ಮೀರದೆ ಲಾಭ ಹೆಚ್ಚಿಸುವುದೇ ಕಂಪನಿಯ ಹೊಣೆ ಎಂದು ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ನೌಕರರು, ಗ್ರಾಹಕರು, ಸುತ್ತಲಿನ ಜನ ಎಲ್ಲರ ಹಿತವೂ ಕಂಪನಿಗೆ ಸೇರಿದ್ದು ಎಂದು ಎಡ್ವರ್ಡ್ ಫ್ರೀಮನ್ 1984ರಲ್ಲಿ ಪ್ರತಿಪಾದಿಸಿದರು.

ಕರ್ನಾಟಕದಲ್ಲಿ ಸಿಎಸ್‌ಆರ್ ಕಡ್ಡಾಯಗೊಳಿಸಿದ ಕಾನೂನಿಗಿಂತ ಮೊದಲೇ ಈ ಕೆಲಸ ಶುರುವಾಗಿತ್ತು. 1993ರಲ್ಲಿ ಷೇರುಪೇಟೆಗೆ ಬಂದ ಇನ್ಫೋಸಿಸ್ 1996ರಲ್ಲಿ ತನ್ನ ಪ್ರತಿಷ್ಠಾನ ಸ್ಥಾಪಿಸಿತು. ಪಾವಗಡದ ರಾಮಕೃಷ್ಣ ಸೇವಾಶ್ರಮದ ಬರ ಪರಿಹಾರ ಕಾರ್ಯಕ್ಕೂ ಅದರ ನೆರವು ಬಂತು. ಆ ವರ್ಷಗಳಲ್ಲಿ ಇನ್ಫೋಸಿಸ್ ಷೇರು ಏರಿದ್ದಕ್ಕೆ ಮುಖ್ಯ ಕಾರಣ ಸಾಫ್ಟ್‌ವೇರ್ ರಫ್ತು. ಪುಣ್ಯದ ಫಲವೆಂದು ಹೇಳಲು ಆಧಾರವಿಲ್ಲ. ಲಾಭ ಚೆನ್ನಾಗಿರುವ ಕಂಪನಿಯೇ ಧಾರಾಳವಾಗಿ ಕೊಡುವುದರಿಂದ, ಕೊಟ್ಟಿದ್ದಕ್ಕೆ ಲಾಭ ಬಂತೋ, ಲಾಭ ಬಂದಿದ್ದಕ್ಕೆ ಕೊಟ್ಟರೋ ಎಂದು ಬಿಡಿಸಿ ಹೇಳುವುದು ಕಷ್ಟ.

ಆ ಗಂಟನ್ನು ಸ್ವಲ್ಪ ಸಡಿಲಿಸಿದ್ದು 2013ರ ಕಂಪನಿ ಕಾಯ್ದೆಯ 135ನೇ ಕಲಂ. 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಂದು ಇದು ಜಾರಿಗೆ ಬಂತು. ಗೆರೆಯ ಈಚೆಗೂ ಆಚೆಗೂ ಇರುವ, ಹೆಚ್ಚುಕಡಿಮೆ ಒಂದೇ ಅಳತೆಯ ಕಂಪನಿಗಳನ್ನು ಹೋಲಿಸಲು ಸಂಶೋಧಕರಿಗೆ ದಾರಿಯಾಯಿತು. ಹರಿಓಂ ಮಂಚಿರಾಜು ಮತ್ತು ಶಿವರಾಮ್ ರಾಜಗೋಪಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡ್ಡಾಯಕ್ಕೆ ಒಳಗಾದ ಕಂಪನಿಗಳ ಷೇರು ಸರಾಸರಿ ಶೇ 4.1ರಷ್ಟು ಕುಸಿಯಿತು; ಜಾಹೀರಾತಿಗೆ ಹೆಚ್ಚು ಸುರಿಯುವ ಕಂಪನಿಗಳಿಗೆ ಮಾತ್ರ ಆ ಪೆಟ್ಟು ತಗಲಲಿಲ್ಲ. ಮೊದಲು ಶೇ 2ಕ್ಕಿಂತ ಹೆಚ್ಚು ಕೊಡುತ್ತಿದ್ದ ದೊಡ್ಡ ಕಂಪನಿಗಳು ಕೈ ಬಿಗಿಹಿಡಿದವು ಎಂಬುದನ್ನು ಧರ್ಮಪಾಲ ಮತ್ತು ಖನ್ನಾ ಅವರ ಅಧ್ಯಯನ ತೋರಿಸಿತು. ಸ್ವಂತ ಇಷ್ಟದಿಂದ ಕೊಟ್ಟಾಗ ಹೆಸರು ತರುತ್ತಿದ್ದ ಖರ್ಚನ್ನು, ಕಡ್ಡಾಯವಾದೊಡನೆ ಪೇಟೆ ತೆರಿಗೆಯಂತೆ ಕಂಡಿತು. 2014ರ ಹಣಕಾಸು ಕಾಯ್ದೆ ಇದನ್ನು ವ್ಯವಹಾರದ ವೆಚ್ಚವೆಂದು ಕಳೆಯಲೂ ಬಿಡಲಿಲ್ಲ. 2021ರ ನಿಯಮಗಳ ನಂತರ ಖರ್ಚಾಗದ ಹಣಕ್ಕೆ ಕಾರಣ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಈ ಶೇ 4.1 ಷೇರುದಾರರ ಲೆಕ್ಕವಷ್ಟೇ. ಫ್ಲೋರೈಡ್ ನೀರಿನ ಪಾವಗಡ, ಮಧುಗಿರಿಯ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತವರ ಮೂಳೆ, ಹಲ್ಲಿನ ಆರೋಗ್ಯ ಆ ಅಂಕಿಯಲ್ಲಿ ಸೇರುವುದಿಲ್ಲ. ಘಟಕ ಕಟ್ಟಿಸಿ ಫಲಕ ಹಾಕಿದ ಮೇಲೆ ಫಿಲ್ಟರ್ ಬದಲಿಸುವವರು ಇಲ್ಲದಿದ್ದರೆ ಜನರಿಗೂ ನಷ್ಟ, ಷೇರುದಾರರಿಗೂ ನಷ್ಟ.

ಕಂಪನಿ ತಾನು ಕಾರ್ಯನಡೆಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಲಂ ಹೇಳುತ್ತದೆ. ತಿರುಮಣಿ, ವಳ್ಳೂರು ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದಮೇಲೆ ಪಾವಗಡ ಅಂಥ ಪ್ರದೇಶವಾಯಿತು. (ಅಲ್ಲಿನ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂ.ನಿಂದ ಆರಂಭವಾದ ಗುತ್ತಿಗೆ ಹಣ ಭೂಮಿಯ ಬಾಡಿಗೆ. ಅದನ್ನು ಸಿಎಸ್‌ಆರ್ ಎಂದು ಎಣಿಸುವುದು ತಪ್ಪು.) ಪಕ್ಕದ ಮಧುಗಿರಿಯ ಐ.ಡಿ.ಹಳ್ಳಿಯಂಥ ಮಳೆಯಾಶ್ರಿತ ಹೋಬಳಿಗೆ ಈ ಆದ್ಯತೆ ತಾನಾಗಿ ಒದಗುವುದಿಲ್ಲ.

ಅಲ್ಲಿಗೆ ತಲುಪುವ ಹಣಕ್ಕೆ ಇನ್ನೊಂದು ದಾರಿಯಿದೆ. ಅಜೀಂ ಪ್ರೇಮ್‌ಜಿ 2019ರ ಹೊತ್ತಿಗೆ ವಿಪ್ರೊದ ಸುಮಾರು ಶೇ 67ರಷ್ಟು ಷೇರುಗಳ ಆದಾಯವನ್ನು ದಾನಕ್ಕೆ ಮೀಸಲಿಟ್ಟರು. ಇದು ಕಂಪನಿಯ ಸಿಎಸ್‌ಆರ್ ಅಲ್ಲ, ಮಾಲೀಕರ ಸ್ವಂತ ಆಸ್ತಿ. ಇಲ್ಲಿ ಲಾಭಾಂಶ ಹೆಚ್ಚಿದಷ್ಟೂ ದಾನದ ಶಕ್ತಿ ಹೆಚ್ಚುತ್ತದೆ. ರಾಜ್ಯ ಸರ್ಕಾರದೊಂದಿಗಿನ 2024ರ ಒಪ್ಪಂದದಂತೆ ಅವರ ಪ್ರತಿಷ್ಠಾನ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂ. ಕೊಡಲು ಒಪ್ಪಿತು. ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಹೀಗೆ ಆರು ದಿನಕ್ಕೆ ಏರಿತು.