ಕಾಫಿಯ ಬೆಲೆ ಬಿದ್ದ ವರ್ಷಗಳು

ಹಿಟ್ಲರನ ಏಳಿಗೆಯ ಮಾತು ಬಂದಾಗಲೆಲ್ಲ ನಾವು ಹಸಿವನ್ನೇ ಕಾರಣವೆಂದು ಹೇಳಿ ಮುಗಿಸುತ್ತೇವೆ. ಇತಿಹಾಸ ಅಷ್ಟು ಸರಳವಲ್ಲ. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ದೊರೆತದ್ದು ಶೇ. 2.6 ಮತ, 1932ರ ಜುಲೈಯಲ್ಲಿ ಶೇ. 37.3. ಈ ನಡುವೆ ನಿರುದ್ಯೋಗಿಗಳ ಸಂಖ್ಯೆ ಸುಮಾರು 60 ಲಕ್ಷಕ್ಕೇರಿತ್ತು, ನಿಜ. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಬಹಳ ಮಂದಿ ವಾಲಿದ್ದು ಕಮ್ಯುನಿಸ್ಟರ ಕಡೆಗೆ. ಹಿಟ್ಲರನಿಗೆ ಗಟ್ಟಿ ನೆಲೆಯಾದವರು ಸಣ್ಣ ರೈತರು, ಅಂಗಡಿಕಾರರು. ಅಂದರೆ ಇನ್ನೂ ಎಲ್ಲವನ್ನೂ ಕಳೆದುಕೊಂಡಿರದ, ಕಳೆದುಕೊಳ್ಳುವ ಭಯದಲ್ಲಿದ್ದ ಜನ. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ್ಯದಲ್ಲಿ ಸಾಲಕ್ಕೆ ಹೊಲಮನೆಗಳು ಹರಾಜಾಗುತ್ತಿದ್ದವು. ಅಲ್ಲಿ ಆ ಪಕ್ಷ ಅರ್ಧಕ್ಕಿಂತ ಹೆಚ್ಚು ಮತ ಪಡೆಯಿತು. ದೇಶದ ಜನಸಂಖ್ಯೆಯಲ್ಲಿ ಶೇ. 1ರಷ್ಟೂ ಇಲ್ಲದ ಯಹೂದಿಗಳೇ ಎಲ್ಲ ಕಷ್ಟಕ್ಕೂ ಕಾರಣರೆಂದು ಅವರನ್ನು ನಂಬಿಸಲಾಯಿತು.

ಅದೇ ಜಾಗತಿಕ ಕುಸಿತ ನಮ್ಮ ಚಿಕ್ಕಮಗಳೂರಿನ ಕಾಫಿ ಬೆಟ್ಟಗಳನ್ನೂ ತಟ್ಟಿತ್ತು. ಇಲ್ಲಿ ಅದಕ್ಕೆ ಸಿಕ್ಕ ಉತ್ತರ ಬೇರೆ. 1935ರಲ್ಲಿ ಕಾಫಿ ಸೆಸ್ ಕಾನೂನು ಬಂತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದ ಮೇಲೆ 1942ರ ಕಾಯಿದೆಯಡಿ ಕಾಫಿ ಬೋರ್ಡ್ ನೆಲೆಗೊಂಡಿತು. ಬೆಳೆಗಾರ ಫಸಲನ್ನು ಬೋರ್ಡಿನ ಪೂಲ್‌ಗೆ ಒಪ್ಪಿಸುತ್ತಿದ್ದ; ಬೋರ್ಡ್ ಮಾರಿ, ಕಂತುಕಂತಾಗಿ ಹಣ ಕೊಡುತ್ತಿತ್ತು. ಹಣ ತಡವಾಗುತ್ತದೆಂಬ ಗೊಣಗಾಟ ಎಂದೂ ನಿಲ್ಲಲಿಲ್ಲ. ಆದರೂ ಬೆಲೆಯ ಪೆಟ್ಟು ಒಬ್ಬೊಬ್ಬರ ತಲೆಯ ಮೇಲೆ ನೇರವಾಗಿ ಬೀಳದಂತೆ ತಡೆದದ್ದು ಆ ಪೂಲ್.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾಗಳು ಮುರಿದುಬಿದ್ದವು. 1996ರ ಹೊತ್ತಿಗೆ ಪೂಲ್ ಪದ್ಧತಿಯೂ ಸಂಪೂರ್ಣ ಕೊನೆಗೊಂಡಿತು. 1994ರಲ್ಲಿ ಬ್ರೆಜಿಲ್‌ನ ಹಿಮಗಟ್ಟುವ ಚಳಿಯಿಂದ ಬೆಲೆ ಏರಿದ್ದರಿಂದ ಮುಕ್ತ ಮಾರುಕಟ್ಟೆ ಆಗ ವರವಾಗಿಯೇ ಕಂಡಿತು. ಆಮೇಲೆ ವಿಯೆಟ್ನಾಂ ಮತ್ತು ಬ್ರೆಜಿಲ್‌ನ ಕಾಫಿ ಮಾರುಕಟ್ಟೆಯನ್ನು ತುಂಬಿತು. 2001ರ ವೇಳೆಗೆ ಬೆಲೆ ಮೂರು ದಶಕಗಳಲ್ಲೇ ಕೆಳಮಟ್ಟಕ್ಕೆ ಇಳಿಯಿತು. ಮೂಡಿಗೆರೆಯ ಸಣ್ಣ ಬೆಳೆಗಾರನಿಗೆ ಸಾಲ, ತೋಟದ ಲೈನ್‌ಮನೆಯ ಕೂಲಿಗೆ ಕೆಲಸದ ಅಭಾವ.

ಅದೇ ವರ್ಷ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಬಿತ್ತು. ಕಾಡಿನೊಳಗಿನ ಮಲೆಕುಡಿಯರು, ಸಣ್ಣ ಹಿಡುವಳಿದಾರರು ಒಕ್ಕಲೇಳುವ ಭಯಕ್ಕೆ ಬಿದ್ದರು. ಆ ಭಯದ ನಡುವೆ ನಕ್ಸಲರು ಬಂದೂಕು ಹಿಡಿದು ನೆಲೆ ಹುಡುಕಿದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿ 6ರಂದು, ಕರ್ನಾಟಕದ ಇತಿಹಾಸವನ್ನು ಬರೆದಿದ್ದ ಸಾಕೇತ್ ರಾಜನ್ ಮೆಣಸಿನಹಾಡ್ಯದ ಬಳಿಯ ಬಾಳಿಗೆಯಲ್ಲಿ ಹತನಾದ. ಕೆಲವೇ ದಿನಗಳಲ್ಲಿ ದೂರದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. ಸತ್ತ ಪೊಲೀಸರೂ ಬಡವರ ಮನೆಯ ಮಕ್ಕಳೇ ಎಂಬುದನ್ನು ಕ್ರಾಂತಿಯ ಕರಪತ್ರಗಳು ಬರೆಯುವುದಿಲ್ಲ.

ಇನ್ನೊಂದು ಉಗ್ರತೆ ಬೆಟ್ಟದ ನೆತ್ತಿಗೇ ಹತ್ತಿತು. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಬಿತ್ತಿದರೆಂಬ ಪ್ರತೀತಿಯ ಗಿರಿ ಅದು. ದಾದಾ ಹಯಾತರ ದರ್ಗಾ ಎಂದು ನಮ್ಮವರೂ, ದತ್ತಾತ್ರೇಯ ಪೀಠವೆಂದು ಹಿಂದೂಗಳೂ ಒಂದೇ ಗುಹೆಗೆ ನಡೆದುಕೊಂಡು ಬಂದ ತಾಣ. ಅದರ ಒಡೆತನದ ವ್ಯಾಜ್ಯ 1970ರ ದಶಕದಲ್ಲೇ ನ್ಯಾಯಾಲಯ ಸೇರಿತ್ತು. ಕಾಫಿಯ ಬೆಲೆ ಅದನ್ನು ಹುಟ್ಟಿಸಲಿಲ್ಲ. ಆದರೆ ಅದು ಬೀದಿಯ ಘೋಷಣೆಯಾಗಿ, ರಥಯಾತ್ರೆಯಾಗಿ, ದಕ್ಷಿಣದ ಅಯೋಧ್ಯೆಯಾಗಿ ಬೆಳೆದದ್ದು 1990ರ ದಶಕದ ಕೊನೆಯಿಂದ, ತೋಟಗಳು ಸೊರಗಿದ ಆ ವರ್ಷಗಳಲ್ಲೇ. ಬೆಲೆ ನಿಗದಿಯಾಗುತ್ತಿದ್ದುದು ಲಂಡನ್, ನ್ಯೂಯಾರ್ಕ್‌ಗಳಲ್ಲಿ. ಅಲ್ಲಿಯ ದಲ್ಲಾಳಿಯ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಪಕ್ಕದ ಮನೆಯ ಮುಸಲ್ಮಾನ. ಜರ್ಮನಿಯ ಹಳ್ಳಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯುವಂತೆ ಮಾಡುವುದು ಇದೇ. 2003ರ ಡಿಸೆಂಬರಿನಲ್ಲಿ ಸೌಹಾರ್ದದ ಪರವಾಗಿ ಚಿಕ್ಕಮಗಳೂರಿಗೆ ಬಂದವರಲ್ಲಿ ಗಿರೀಶ್ ಕಾರ್ನಾಡ್, ಗೌರಿ ಲಂಕೇಶ್ ಅವರಿದ್ದರು ಎಂಬುದನ್ನೂ ನಾವು ಮರೆಯಬಾರದು.

2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಮರುತಿಂಗಳು ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಆದರೂ ದತ್ತ ಜಯಂತಿಯ ಡಿಸೆಂಬರ್ ಬಂತೆಂದರೆ ಗಿರಿಯ ದಾರಿಯಲ್ಲಿ ಪೊಲೀಸ್ ಬಂದೋಬಸ್ತ್ ನಿಲ್ಲುತ್ತದೆ.